ಮಿಥ್ಯಾಪವಾದವೂ ಪ್ರಾರಬ್ಧವೂ

ಭಾದ್ರಪದ ಶುಕ್ಲ ಚತುರ್ಥಿಯ ರಾತ್ರಿ ಚಂದ್ರನನ್ನು ನೋಡಿದರೆ ಮಿಥ್ಯಾಪವಾದವು ಬರುವುದೆಂದೂ, ಅದರ ಪರಿಹಾರಕ್ಕೆ ಸ್ಯಮಂತಕೋಪಾಖ್ಯಾನವನ್ನು ಶ್ರವಣ ಮಾಡಬೇಕೆಂದೂ ನಮ್ಮ ಮನೆಗಳಲ್ಲಿ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅಂದು ಸಂಜೆಯಾಗುತ್ತಲೇ ಮಕ್ಕಳನ್ನು ಒಳಗೆ ಕರೆದು ಕಿಟಕಿ ಮುಚ್ಚುವ ಅಜ್ಜಿಯಂದಿರು ಈಗಲೂ ಇದ್ದಾರೆ. ಅಕಸ್ಮಾತ್ತಾಗಿ ಚಂದ್ರನು ಕಣ್ಣಿಗೆ ಬಿದ್ದರೆ, ಜಾಂಬವಂತನ ಗುಹೆಯಲ್ಲಿ ದಾದಿಯು ಅಳುವ ಮಗುವನ್ನು ಸಂತೈಸುತ್ತ ಹೇಳಿದ ಆ ಒಂದು ಶ್ಲೋಕವನ್ನು ಹೇಳಿಕೊಂಡು ನಿಶ್ಚಿಂತರಾಗುವುದೂ ರೂಢಿಯಲ್ಲಿದೆ. ಶ್ಲೋಕವನ್ನು ಬಲ್ಲವರು ಅನೇಕರು. ಉಪಾಖ್ಯಾನವನ್ನು ಕೊನೆಯವರೆಗೆ ಕೇಳಿದವರು ಅಷ್ಟು ಮಂದಿ ಇಲ್ಲ. ಕೇಳಿದವರಲ್ಲಿಯೂ, ಅಪವಾದ ಬಂದಾಗ ಭಗವಂತನು ಏನು ಮಾಡಿದನೆಂಬುದನ್ನು ಮರೆತು, ಎರಡು ವಿವಾಹಗಳು ನಡೆದುವೆಂಬುದನ್ನಷ್ಟೇ ನೆನಪಿನಲ್ಲಿ ಇಟ್ಟುಕೊಂಡವರೇ ಹೆಚ್ಚು.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ಕಾರಣವುಂಟು. ಗೀತೆಯ ಹನ್ನೆರಡನೆಯ ಅಧ್ಯಾಯದ ಪ್ರವಚನ ನಡೆಯುತ್ತಿದ್ದಾಗ, ನಿಂದೆಯನ್ನೂ ಸ್ತುತಿಯನ್ನೂ ಸಮವಾಗಿ ಕಾಣುವ ಭಕ್ತನು ಭಗವಂತನಿಗೆ ಪ್ರಿಯನೆಂಬ ಪ್ರಸಂಗ ಬಂದಿತು. ಮಂಗಳಾರತಿಯಾದ ಮೇಲೆ ಶ್ರೋತೃಗಳಲ್ಲಿ ಒಬ್ಬ ಗೃಹಸ್ಥರು, ವಯಸ್ಸಿನಲ್ಲಿ ನಮಗಿಂತ ಬಹಳ ಹಿರಿಯರು, ನಿಂತುಕೊಂಡರು. ಒಂದು ಕಚೇರಿಯಲ್ಲಿ ಮೂವತ್ತು ವರ್ಷಗಳಿಂದ ಲೆಕ್ಕ ನೋಡುವ ಕೆಲಸ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಮೇಲಧಿಕಾರಿಯು ಒಂದು ದಿನ ಬಾಯಿಮಾತಿನಲ್ಲಿ, "ಈ ಬಿಲ್ಲನ್ನು ಇವತ್ತೇ ಪಾಸು ಮಾಡಿಬಿಡಿ, ಕಾಗದಪತ್ರ ಆಮೇಲೆ ನೋಡೋಣ" ಎಂದರಂತೆ. ಇವರು ಮಾಡಿದರು. ಮುಂದೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪಣೆ ಬಂದಾಗ, ತಾವು ಹಾಗೆ ಹೇಳಿಯೇ ಇಲ್ಲವೆಂದು ಅಧಿಕಾರಿಗಳು ಬರೆದುಬಿಟ್ಟರು. ಕಾರಣ ಕೇಳಿ ನೋಟೀಸು ಬಂತು. ಹದಿನೈದು ದಿನಗಳೊಳಗೆ ಉತ್ತರ ಕೊಡಬೇಕು. "ತಪ್ಪಾಯಿತೆಂದು ಒಪ್ಪಿಕೊಂಡು ಬರೆದುಕೊಡಿ, ಒಂದು ಇನ್‌ಕ್ರಿಮೆಂಟಿನಲ್ಲಿ ಮುಗಿಸುವ ಹಾಗೆ ನಾನು ನೋಡಿಕೊಳ್ಳುತ್ತೇನೆ" ಎಂದು ಅದೇ ಅಧಿಕಾರಿಗಳು ಖಾಸಗಿಯಾಗಿ ಹೇಳಿ ಕಳುಹಿಸಿದರು. ಮನೆಯಲ್ಲಿ ಹಿರಿಯರ ಮಾತೂ ಅದೇ: "ಇದು ನಿನ್ನ ಪ್ರಾರಬ್ಧ, ಅನುಭವಿಸಿ ಕಳೆದುಕೊ." ಇಷ್ಟನ್ನು ಹೇಳಿ ಅವರು, "ಆಚಾರ್ಯರೆ, ನಿಂದಾಸ್ತುತಿಗಳು ಸಮವೆಂದು ಈಗ ತಾವೇ ಹೇಳಿದಿರಿ. ಹಾಗಾದರೆ ನಾನು ಉತ್ತರ ಬರೆದು ವಾದಿಸುವುದು ಭಕ್ತಿಗೆ ವಿರುದ್ಧವೆ?" ಎಂದು ಕೇಳಿದರು.

ಭಕ್ತಿಗೆ ವಿರುದ್ಧವಲ್ಲ, ತಾವು ಅವಶ್ಯವಾಗಿ ಬರೆಯಬೇಕು, ಎಂದು ನಾವು ಹೇಳಿದೆವು. ಅವರಿಗೆ ಆ ಹೊತ್ತಿಗೆ ಅಷ್ಟು ಸಾಕಾಗಿತ್ತು. ಆದರೆ ಪ್ರಶ್ನೆಯು ಒಬ್ಬರದಲ್ಲ. ಉದ್ಯೋಗದಲ್ಲಿರುವ ನಮ್ಮ ಸಮಾಜದ ಅನೇಕರಿಗೆ ಒಂದಲ್ಲ ಒಂದು ಸಂದರ್ಭದಲ್ಲಿ ಬರತಕ್ಕ ಪ್ರಶ್ನೆಯಿದು. ಆಗ ಶಾಸ್ತ್ರದ ಹೆಸರಿನಲ್ಲಿ ಅವರಿಗೆ ಸಿಗುವ ಸಲಹೆಯು ಅನೇಕ ವೇಳೆ ಶಾಸ್ತ್ರದ್ದಾಗಿರದೆ ಅಂಜಿಕೆಯದಾಗಿರುತ್ತದೆ. ಆದಕಾರಣ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಮೊದಲು ಗೀತೆಯನ್ನೇ ನೋಡೋಣ. ಹನ್ನೆರಡನೆಯ ಅಧ್ಯಾಯದಲ್ಲಿಯೂ ಹದಿನಾಲ್ಕನೆಯದರಲ್ಲಿಯೂ ನಿಂದೆಯು ಸ್ತುತಿಗೆ ಸಮವಾಗಿರಬೇಕೆಂದು ಹೇಳಿದ ಅದೇ ಭಗವಂತನು, ಎರಡನೆಯ ಅಧ್ಯಾಯದಲ್ಲಿ, ಮಾನವಂತನಾದವನಿಗೆ ಅಪಕೀರ್ತಿಯು ಮರಣಕ್ಕಿಂತಲೂ ಹೆಚ್ಚಿನದೆಂದು ಅರ್ಜುನನನ್ನು ಎಚ್ಚರಿಸಿದ್ದಾನೆ. ಒಂದೇ ಮುಖದಿಂದ ಬಂದ ಎರಡು ಮಾತುಗಳು. ಸರ್ವಜ್ಞನ ಮಾತಿನಲ್ಲಿ ವಿರೋಧವಿರಲಾರದು. ವಿರೋಧದಂತೆ ತೋರಿದರೆ ವಿಷಯಭೇದವನ್ನು ಹುಡುಕಬೇಕು. ಅರ್ಜುನನು ರಣವನ್ನು ಬಿಟ್ಟು ಹೋಗಿದ್ದರೆ ಅವನಿಗೆ ಬರುತ್ತಿದ್ದ ನಿಂದೆಯು ಸುಳ್ಳಾಗಿರುತ್ತಿರಲಿಲ್ಲ. ಸ್ವಧರ್ಮವನ್ನು ಬಿಟ್ಟವನು, ಜನರು ಏನೆಂದರೂ ನನಗೆ ಸಮವೆಂದು ಹೇಳಿಕೊಳ್ಳುವುದು ಸಮತ್ವವಲ್ಲ, ಲಜ್ಜೆ ಬಿಟ್ಟದ್ದು. ಹನ್ನೆರಡನೆಯ ಅಧ್ಯಾಯದ ಮಾತಾದರೋ ಸ್ವಧರ್ಮವನ್ನು ಭಗವತ್ಪೂಜಾರೂಪವಾಗಿ ಮಾಡುತ್ತಿರುವವನ ಅಂತಃಕರಣದ ಸ್ಥಿತಿಯನ್ನು ಹೇಳುತ್ತದೆ. ಅವನು ಹೊಗಳಿಕೆಗೆ ಉಬ್ಬುವುದಿಲ್ಲ, ತೆಗಳಿಕೆಗೆ ಕುಗ್ಗುವುದಿಲ್ಲ. ಆದರೆ ತನ್ನ ಮೇಲೆ ಬಂದ ಸುಳ್ಳನ್ನು ಸುಳ್ಳೆಂದು ಹೇಳಬಾರದೆಂಬ ನಿಷೇಧವು ಅಲ್ಲಿ ಎಲ್ಲಿಯೂ ಇಲ್ಲ. ಅದೇ ಅಧ್ಯಾಯದಲ್ಲಿ, ಅದರ ಹಿಂದಿನ ಶ್ಲೋಕದಲ್ಲಿಯೇ, ಶೀತೋಷ್ಣಗಳೂ ಸಮವೆಂದಿದೆಯಷ್ಟೆ! ಹಾಗೆಂದು ಮಾಘಮಾಸದ ಬೆಳಗಿನಲ್ಲಿ ಶಾಲು ಹೊದೆಯದೆ ಪಾರಾಯಣಕ್ಕೆ ಕುಳಿತವರನ್ನು ನಾವು ಹೆಚ್ಚಾಗಿ ಕಂಡಿಲ್ಲ.

ಇನ್ನು ಪ್ರಾರಬ್ಧದ ಮಾತು. ಅನಪರಾಧಿಗೆ ಕಷ್ಟ ಬಂದಾಗ ಅದಕ್ಕೆ ಹಿಂದಿನ ಕರ್ಮವು ಕಾರಣವೆಂಬುದು ನಮ್ಮ ಸಿದ್ಧಾಂತವೇ ಆಗಿದೆ. ಅದನ್ನು ನಾವು ಬಿಡುವಂತಿಲ್ಲ. ಆದರೆ ಈ ಸಿದ್ಧಾಂತವನ್ನು ಯಾರು ಯಾರಿಗೆ ಹೇಳುತ್ತಾರೆಂಬುದನ್ನು ನೋಡಬೇಕು. ಕಷ್ಟದಲ್ಲಿರುವವನು ತನ್ನೊಳಗೆ ತಾನು, "ಇದು ನನ್ನ ಕರ್ಮ, ಸ್ವಾಮಿಯು ಇದನ್ನು ಕಳೆಯುತ್ತಿದ್ದಾನೆ" ಎಂದು ತಿಳಿದುಕೊಂಡರೆ ದ್ವೇಷವು ಶಮನವಾಗುತ್ತದೆ. ಅದೇ ಮಾತನ್ನು ಕಷ್ಟ ಕೊಟ್ಟವನು ಹೇಳಿದರೆ? ಅವನಿಗೆ ಇದು ಪ್ರಾರಬ್ಧವಲ್ಲ, ಆಗಾಮಿ. ಮುಂದೆ ಉಣ್ಣಬೇಕಾದುದನ್ನು ಅವನು ಈಗ ಬಿತ್ತುತ್ತಿದ್ದಾನೆ. ನೋಡುತ್ತಿರುವ ನೆಂಟರಿಷ್ಟರು ಹೇಳಿದರೆ ಅದು ಬಹುಮಟ್ಟಿಗೆ ತಮ್ಮ ಮೇಲೆ ಬರತಕ್ಕ ತೊಂದರೆಯನ್ನು ತಪ್ಪಿಸಿಕೊಳ್ಳುವ ಉಪಾಯ. ಮನೆಗೆ ಕಳ್ಳನು ನುಗ್ಗಿದಾಗ ಇದೂ ಪ್ರಾರಬ್ಧವೆಂದು ಬಾಗಿಲು ತೆರೆದಿಡುವವರು ಯಾರೂ ಇಲ್ಲ.

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯಋಷಿಗಳ ಕಥೆಯಿದೆ. ಅವರು ಮೌನವ್ರತದಲ್ಲಿದ್ದಾಗ, ರಾಜಭಟರು ಬೆನ್ನಟ್ಟಿದ ಕಳ್ಳರು ಕದ್ದ ಒಡವೆಗಳೊಡನೆ ಅವರ ಆಶ್ರಮದಲ್ಲಿ ಅಡಗಿಕೊಂಡರು. ಭಟರು ಬಂದು ಕೇಳಿದರು. ವ್ರತವಿದ್ದುದರಿಂದ ಋಷಿಗಳು ಮಾತನಾಡಲಿಲ್ಲ. ಹುಡುಕಿದಾಗ ಕಳ್ಳರೂ ಸಿಕ್ಕಿದರು, ಒಡವೆಯೂ ಸಿಕ್ಕಿತು. ಅರಸನು ವಿಚಾರಿಸದೆ ಕಳ್ಳರೊಡನೆ ಋಷಿಗಳನ್ನೂ ಶೂಲಕ್ಕೆ ಏರಿಸಿದನು. ಬಹುಕಾಲ ಕಳೆದರೂ ಅವರ ಪ್ರಾಣ ಹೋಗಲಿಲ್ಲ. ನಿಜವು ತಿಳಿದಾಗ ಅರಸನು ಓಡಿಬಂದು, ಅಜ್ಞಾನದಿಂದ ಅಪರಾಧವಾಯಿತೆಂದು ಅಡ್ಡಬಿದ್ದನು. ಋಷಿಗಳು ಪ್ರಸನ್ನರಾದರು. ಶೂಲವನ್ನು ಹೊರಗೆ ಎಳೆಯಲು ಆಗದೆ ಬುಡದಲ್ಲಿ ಕತ್ತರಿಸಬೇಕಾಯಿತು. ಅದರ ಮೊನೆಯು ದೇಹದೊಳಗೇ ಉಳಿದುದರಿಂದ ಅವರಿಗೆ ಅಣೀಮಾಂಡವ್ಯರೆಂಬ ಹೆಸರಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ, ಸಹಿಸಿಕೊಳ್ಳಬೇಕೆಂಬವರ ಪಕ್ಷಕ್ಕೆ ಅದು ಒಳ್ಳೆಯ ದೃಷ್ಟಾಂತವಾಗುತ್ತಿತ್ತು. ಆದರೆ ಋಷಿಗಳು ಅಲ್ಲಿಂದ ನೇರವಾಗಿ ಧರ್ಮದೇವತೆಯ ಸಭೆಗೆ ಹೋದರು. ಯಾವ ಕರ್ಮಕ್ಕೆ ಈ ಫಲವೆಂದು ಕೇಳಿದರು. ಬಾಲ್ಯದಲ್ಲಿ ಪತಂಗಗಳಿಗೆ ಹುಲ್ಲಿನ ಕಡ್ಡಿ ಚುಚ್ಚಿದ್ದಕ್ಕೆ ಎಂಬ ಉತ್ತರ ಬಂದಿತು. ಅಲ್ಪವಾದ ಅಪರಾಧಕ್ಕೆ ಇಷ್ಟು ದೊಡ್ಡ ದಂಡವೆ ಎಂದು ಆಕ್ಷೇಪಿಸಿ, ಹದಿನಾಲ್ಕು ವರ್ಷದವರೆಗೆ ಮಾಡಿದುದು ಪಾತಕವಾಗಬಾರದೆಂಬ ಮರ್ಯಾದೆಯನ್ನು ಸ್ಥಾಪಿಸಿ, ಯಮಧರ್ಮನೇ ದಾಸಿಯ ಗರ್ಭದಲ್ಲಿ ಹುಟ್ಟುವಂತೆ ಶಾಪ ಕೊಟ್ಟರು. ಹಾಗೆ ಹುಟ್ಟಿದವರೇ ವಿದುರರು. ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಕರ್ಮಫಲವೆಂದು ತಿಳಿದ ಮೇಲೂ ಋಷಿಗಳು, ಯಾವ ಕರ್ಮ, ಎಷ್ಟು ಫಲ, ಎಂದು ಲೆಕ್ಕ ಕೇಳಿದರು. ಅದನ್ನು ಕೇಳಿದ್ದಕ್ಕಾಗಿ ಭಾರತವು ಅವರನ್ನು ನಿಂದಿಸುವುದಿಲ್ಲ. ಎರಡನೆಯದಾಗಿ, ಶೂಲಕ್ಕೇರಿಸಿದ ಅರಸನಿಗೆ ಅವರು ಶಾಪ ಕೊಡಲಿಲ್ಲ. ಅರಸನು ತಪ್ಪನ್ನು ಭಟರ ಮೇಲೆ ಹಾಕಬಹುದಾಗಿತ್ತು. ಹಿಡಿದು ತಂದವರು ಅವರೇ ಅಲ್ಲವೆ? ಅವನು ಹಾಗೆ ಮಾಡದೆ, ಆಜ್ಞೆ ಕೊಟ್ಟವನು ನಾನು ಎಂದು ಬಂದು ನಿಂತನು. ಬದುಕಿಕೊಂಡನು.

ಮೌನದ ಫಲವೇನೆಂಬುದನ್ನೂ ಈ ಕಥೆಯು ತೋರಿಸುತ್ತದೆ. ಋಷಿಗಳಿಗೆ ವ್ರತವಿತ್ತು, ಅವರ ಮೌನಕ್ಕೆ ಕಾರಣವಿತ್ತು. ನಮಗೆ ನಿಮಗೆ ಅಂತಹ ವ್ರತವಿಲ್ಲ. ಕೇಳಿದಾಗ ಹೇಳದಿದ್ದರೆ ಶೂಲವು ಸಿದ್ಧವಾಗಿಯೇ ಇರುತ್ತದೆ.

ಈಗ ಸ್ಯಮಂತಕದ ಪ್ರಸಂಗಕ್ಕೆ ಬರೋಣ. ಭಾಗವತದ ದಶಮಸ್ಕಂಧದ ಐವತ್ತಾರು, ಐವತ್ತೇಳನೆಯ ಅಧ್ಯಾಯಗಳು. ಸೂರ್ಯದೇವನಿಂದ ಮಣಿಯನ್ನು ಪಡೆದ ಸತ್ರಾಜಿತನನ್ನು, ಅದನ್ನು ಯದುರಾಜನಾದ ಉಗ್ರಸೇನನಿಗೆ ಕೊಡೆಂದು ಶ್ರೀಕೃಷ್ಣನು ಕೇಳಿದ್ದನು. ದಿನಕ್ಕೆ ಎಂಟು ಭಾರ ಚಿನ್ನ ಕೊಡುವ ಮಣಿಯನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಮುಂದೆ ಅವನ ತಮ್ಮ ಪ್ರಸೇನನು ಅದನ್ನು ಧರಿಸಿ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಕೃಷ್ಣನೇ ಕೊಂದಿರಬೇಕೆಂದು ಸತ್ರಾಜಿತನು ಅಂದನು. ಜನರು ಅದನ್ನು ಕಿವಿಯಿಂದ ಕಿವಿಗೆ ಹೇಳಿಕೊಂಡರು. ಯಾರೂ ಎದುರಿಗೆ ಬಂದು ಹೇಳಲಿಲ್ಲವೆಂಬುದು ಗಮನಾರ್ಹ. ಕಚೇರಿಗಳಲ್ಲಿಯೂ ಹೀಗೆಯೇ ಅಲ್ಲವೆ? ಮೊದಲು ಪಿಸುಮಾತು, ಅನಂತರ ಕಾಗದ.

ಸ್ವಾಮಿಯು ಸರ್ವದೋಷವಿವರ್ಜಿತನು, ಅವನಿಗೆ ಅಪವಾದದಿಂದ ಆಗಬೇಕಾದ ಹಾನಿಯೂ ಇಲ್ಲ, ಅದು ಪರಿಹಾರವಾದರೆ ಬರತಕ್ಕ ಲಾಭವೂ ಇಲ್ಲ. ಜನರ ಮಾತಿಗೆ ಉದಾಸೀನನಾಗಿರಲು ಜಗತ್ತಿನಲ್ಲಿ ಯಾರಿಗಾದರೂ ಅಧಿಕಾರವಿದ್ದರೆ ಅದು ಅವನೊಬ್ಬನಿಗೇ. ಹೀಗಿದ್ದೂ ಅವನು ಸುಮ್ಮನಿರಲಿಲ್ಲ. ತನಗೆ ಹತ್ತಿಸಿದ ಕಳಂಕವನ್ನು ತೊಳೆಯಲು ಊರಿನ ಜನರನ್ನು ಜೊತೆಗೆ ಕರೆದುಕೊಂಡು ಪ್ರಸೇನನು ಹೋದ ದಾರಿಯನ್ನೇ ಹಿಡಿದನು. ಜನರನ್ನು ಕರೆದುಕೊಂಡು ಹೋದುದೇಕೆ? ಅವರು ಸಾಕ್ಷಿಗಳಾಗಬೇಕು, ತಾನು ಕಂಡದ್ದನ್ನು ತಾನೇ ಹೇಳಿದರೆ ನಂಬತಕ್ಕವರು ಯಾರು! ಸತ್ತ ಪ್ರಸೇನನನ್ನೂ ಕುದುರೆಯನ್ನೂ, ಮುಂದೆ ಬೆಟ್ಟದಲ್ಲಿ ಸತ್ತ ಸಿಂಹವನ್ನೂ ಅವರೆಲ್ಲರೂ ಕಣ್ಣಾರೆ ಕಂಡರು. ಗುಹೆಯ ಬಾಗಿಲಿಗೆ ಬಂದಾಗ ಅವರನ್ನು ಹೊರಗೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದನು. ಸಾಕ್ಷಿಗೆ ಜನರು ಬೇಕು. ಅಪಾಯಕ್ಕೆ ಅವರನ್ನು ಎಳೆಯಬಾರದು. ಒಳಗೆ ಜಾಂಬವಂತನೊಡನೆ ಇಪ್ಪತ್ತೆಂಟು ದಿನ ಯುದ್ಧ. ಹೊರಗಿದ್ದವರು ಹನ್ನೆರಡು ದಿನ ಕಾದು, ದುಃಖದಿಂದ ಊರಿಗೆ ಹಿಂದಿರುಗಿದರು. ಸತ್ಯವನ್ನು ಹುಡುಕಿಕೊಂಡು ಹೋದವನ ಜೊತೆಗೆ ಕೊನೆಯವರೆಗೂ ನಿಲ್ಲುವವರು ಕಡಿಮೆಯೆಂಬುದನ್ನು ವ್ಯಾಸರು ಯಾರನ್ನೂ ಬಯ್ಯದೆ ಲೆಕ್ಕದಲ್ಲಿಯೇ ಹೇಳಿಬಿಟ್ಟಿದ್ದಾರೆ.

ಜಾಂಬವತಿಯೊಡನೆಯೂ ಮಣಿಯೊಡನೆಯೂ ಹಿಂದಿರುಗಿದ ಮೇಲೆ ಶ್ರೀಕೃಷ್ಣನು ಸತ್ರಾಜಿತನ ಮನೆಗೆ ಹೋಗಿ ಜಗಳವಾಡಲಿಲ್ಲ. ರಾಜಸಭೆಗೆ, ಅರಸನ ಸಮಕ್ಷಮಕ್ಕೆ, ಅವನನ್ನು ಕರೆಯಿಸಿದನು. ಮಣಿಯು ದೊರಕಿದ ಬಗೆಯನ್ನು ಹೇಳಿದನು. ಮಣಿಯನ್ನು ಅವನ ಕೈಗೆ ಕೊಟ್ಟನು. ಅಷ್ಟೇ. ಸುಳ್ಳುಗಾರನೆಂದು ಬಯ್ದ ಒಂದು ಮಾತೂ ಅಲ್ಲಿಲ್ಲ. ಸತ್ರಾಜಿತನು ತಲೆ ತಗ್ಗಿಸಿಕೊಂಡು ಮನೆಗೆ ಹೋಗಿ, ಈ ಅಪರಾಧವನ್ನು ಹೇಗೆ ತೊಳೆದುಕೊಳ್ಳಲೆಂದು ಚಿಂತಿಸಿ, ಸತ್ಯಭಾಮೆಯನ್ನೂ ಮಣಿಯನ್ನೂ ಒಪ್ಪಿಸಿದಾಗ, ಸ್ವಾಮಿಯು ಕನ್ಯೆಯನ್ನು ಸ್ವೀಕರಿಸಿ, ಮಣಿಯು ನಿನ್ನಲ್ಲಿಯೇ ಇರಲೆಂದು ಹಿಂದಕ್ಕೆ ಕೊಟ್ಟನು. ಯಾವ ವಸ್ತುವಿಗಾಗಿ ಅಪವಾದ ಬಂದಿತೋ ಆ ವಸ್ತುವನ್ನು, ಬಿಟ್ಟಿಯಾಗಿ ಬಂದಾಗಲೂ, ಮುಟ್ಟಲಿಲ್ಲ.

ನೋಟೀಸಿಗೆ ಉತ್ತರ ಬರೆಯತಕ್ಕವರಿಗೆ ಇದಕ್ಕಿಂತ ಒಳ್ಳೆಯ ಮಾದರಿಯು ನಮಗೆ ತಿಳಿಯದು. ದಾರಿಯನ್ನು ಮೊದಲಿನಿಂದ ಹಿಡಿದು ಹೋಗಬೇಕು: ಯಾವ ದಿನ, ಯಾವ ಕಾಗದ, ಯಾರ ಮಾತು, ಆಗ ಎದುರಿಗೆ ಯಾರಿದ್ದರು. ಹೇಳಬೇಕಾದ ಸ್ಥಳದಲ್ಲಿ ಹೇಳಬೇಕು. ಕಾಫಿ ಹೋಟೆಲಿನಲ್ಲಿ ಹೇಳಿದರೆ ಅದೂ ಕಿವಿಯಿಂದ ಕಿವಿಗೆ ಹೋಗುವ ಮಾತೇ ಆಗುತ್ತದೆ. ಬಯ್ಗುಳವನ್ನು ಸೇರಿಸಬಾರದು.

ನಮ್ಮ ಶಾಸ್ತ್ರಕಾರರು ಪ್ರಮಾಣವಿಚಾರಕ್ಕೆ ಕೊಟ್ಟಷ್ಟು ಮಹತ್ತ್ವವನ್ನು ಇಂತಹ ವ್ಯವಹಾರಗಳಲ್ಲಿ ನಾವು ಕೊಡುವುದಿಲ್ಲವೆಂಬುದು ವಿಷಾದದ ಸಂಗತಿ. ವಸ್ತುವು ಹೇಗಿದೆಯೋ ಹಾಗೆಯೇ ತಿಳಿಸುವುದು ಪ್ರಮಾಣವೆಂದು ಶ್ರೀಮದಾಚಾರ್ಯರು ಲಕ್ಷಣ ಹೇಳಿದ್ದಾರೆ. ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಅದನ್ನು ಬಾಲಕರಿಗೂ ತಿಳಿಯುವಂತೆ ಬಿಡಿಸಿದ್ದಾರೆ. ಚಿಪ್ಪನ್ನು ಬೆಳ್ಳಿಯೆಂದು ಕಾಣುವವನ ದೃಷ್ಟಾಂತವನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಅಲ್ಲಿ ಚಿಪ್ಪು ಇದೆ, ಹೊಳಪಿನ ಸಾಮ್ಯವಿದೆ, ನೋಡುವವನಲ್ಲಿ ಏನೋ ದೋಷವಿದೆ. ಬೆಳ್ಳಿ ಮಾತ್ರ ಇಲ್ಲ. ಮಿಥ್ಯಾಪವಾದವೂ ಹಾಗೆಯೇ. ನಷ್ಟವಾದದ್ದು ನಿಜ, ಕಾಗದದ ಮೇಲೆ ಕೈಕೆಳಗಿನವನ ಸಹಿ ಇರುವುದು ನಿಜ. ಸಹಿಯಿರುವಲ್ಲೆಲ್ಲ ಸಹಿ ಹಾಕಿದವನ ದೋಷವೇ ಇರುತ್ತದೆಂಬ ವ್ಯಾಪ್ತಿ ಮಾತ್ರ ಇಲ್ಲ. ಮಂಜನ್ನು ಹೊಗೆಯೆಂದು ತಿಳಿದು ಬೆಟ್ಟದಲ್ಲಿ ಬೆಂಕಿಯಿದೆಯೆನ್ನುವವನ ಅನುಮಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪ್ರಮಾಣವಲ್ಲದ್ದನ್ನು ಪ್ರಮಾಣವೆಂದು ಹಿಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಒಂದು ಘೋರವಾದ ಉದಾಹರಣೆ ನಡೆದಿದೆ. ಇಂಗ್ಲೆಂಡಿನ ಅಂಚೆ ಸಂಸ್ಥೆಯು 1999ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಗಣಕಯಂತ್ರದ ಲೆಕ್ಕವ್ಯವಸ್ಥೆಯನ್ನು ತಂದಿತು. ಶಾಖೆ ನಡೆಸುತ್ತಿದ್ದ ಉಪ ಅಂಚೆ ಅಧಿಕಾರಿಗಳ ಲೆಕ್ಕದಲ್ಲಿ, ಪೆಟ್ಟಿಗೆಯಲ್ಲಿ ಹಣ ಸರಿಯಾಗಿದ್ದರೂ, ಯಂತ್ರವು ಕೊರತೆ ತೋರಿಸತೊಡಗಿತು. ಕೊರತೆಯನ್ನು ನೀವೇ ತುಂಬಬೇಕೆಂದು ಮೇಲಿನವರು ಹೇಳಿದರು. ಹೀಗಾಗುತ್ತಿರುವುದು ನಿಮ್ಮೊಬ್ಬರಿಗೇ ಎಂದೂ ಅನೇಕರಿಗೆ ಹೇಳಲಾಯಿತು. ಮನೆ ಮಠ ಮಾರಿ ತುಂಬಿದವರುಂಟು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಕಳವು, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳು ವಿಧಿಸಲ್ಪಟ್ಟುವು. ಅವರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ಹೂಡಿದ್ದು ಅಂಚೆ ಸಂಸ್ಥೆಯೇ. ಭಾರತ ಮೂಲದ ಕುಟುಂಬಗಳೂ ಅವರಲ್ಲಿದ್ದುವು. 2010ರಲ್ಲಿ ಗರ್ಭಿಣಿಯಾಗಿದ್ದ ಅಂತಹ ಒಬ್ಬ ಸ್ತ್ರೀಯು ಸೆರೆಮನೆಗೆ ಹೋದಳು. ದೋಷವಿದ್ದದ್ದು ಯಂತ್ರದಲ್ಲಿ. ಅದು ಮೇಲಿನವರಲ್ಲಿ ಹಲವರಿಗೆ ತಿಳಿದಿತ್ತು, ಇಲ್ಲವೆ ತಿಳಿದಿರಬೇಕಾಗಿತ್ತು, ಎಂದು ವಿಚಾರಣಾ ಆಯೋಗವು 2025ರ ಜುಲೈಯಲ್ಲಿ ಹೊರಬಂದ ವರದಿಯ ಮೊದಲ ಭಾಗದಲ್ಲಿ ಹೇಳಿದೆ. ಕನಿಷ್ಠ 13 ಮಂದಿ ಈ ಅವಮಾನದಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದೆಂಬುದೂ ಅದೇ ವರದಿಯಲ್ಲಿದೆ.

ಈ ಪ್ರಕರಣದಲ್ಲಿ ನಮ್ಮ ಗೃಹಸ್ಥರ ಪ್ರಶ್ನೆಗೆ ನೇರವಾಗಿ ತಟ್ಟುವ ಒಂದಂಶವಿದೆ. ಕಳವಿನ ಆರೋಪವನ್ನು ಬಿಟ್ಟುಬಿಡುತ್ತಾರೆ, ಸೆರೆಮನೆ ತಪ್ಪುತ್ತದೆ, ಎಂಬ ಆಸೆಯಿಂದ, ಮಾಡದ ಸಣ್ಣ ಅಪರಾಧವನ್ನು ಒಪ್ಪಿಕೊಂಡವರು ಅವರಲ್ಲಿ ಅನೇಕರಿದ್ದರು. ಮುಂದೆ ಅವರು ತಮ್ಮ ನಿರಪರಾಧಿತ್ವವನ್ನು ಹೇಳಹೊರಟಾಗ ದಾರಿಗೆ ಅಡ್ಡಲಾಗಿ ನಿಂತದ್ದು ಅವರದೇ ಒಪ್ಪಿಗೆ. ಒಪ್ಪದೆ ಹೋರಾಡಿದವರು 2009ರಲ್ಲಿ ಒಟ್ಟುಗೂಡಿದರು. ತಾನೊಬ್ಬನೇ ಎಂದು ತಿಳಿದಿದ್ದ ಪ್ರತಿಯೊಬ್ಬನಿಗೂ ತನ್ನಂತಹವರು ನೂರಾರು ಮಂದಿ ಇದ್ದಾರೆಂದು ಆಗ ತಿಳಿಯಿತು. 555 ಮಂದಿ ಸೇರಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ಯಂತ್ರವು ದೋಷಯುಕ್ತವೆಂದು ತೀರ್ಪಾಯಿತು. 2021ರ ಏಪ್ರಿಲಿನಲ್ಲಿ ಮೇಲ್ಮನವಿಯ ನ್ಯಾಯಾಲಯವು 39 ಮಂದಿಯ ಶಿಕ್ಷೆಯನ್ನು ರದ್ದುಪಡಿಸಿತು. ಉಳಿದವರಿಗಾಗಿ 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಬೇಕಾಯಿತು. ಮೊದಲನೆಯ ಹತ್ತು ಮಂದಿಯ ಮಾತನ್ನು ಕೇಳಿದ್ದರೆ ಮಿಕ್ಕ ಒಂಬೈನೂರು ಮಂದಿಗೆ ಆ ಗತಿ ಬರುತ್ತಿರಲಿಲ್ಲ. ಆದಕಾರಣ ಸುಳ್ಳು ಅಪವಾದವನ್ನು ನುಂಗಿಕೊಂಡರೆ ಹಾನಿಯು ನುಂಗಿದವನೊಬ್ಬನಿಗೇ ಎಂದು ತಿಳಿಯಬಾರದು. ನಿಜವಾದ ದೋಷವು ಇದ್ದಲ್ಲಿಯೇ ಇರುತ್ತದೆ. ನಾಳೆ ಅದೇ ಕುರ್ಚಿಯಲ್ಲಿ ಕುಳಿತುಕೊಳ್ಳುವ ಹುಡುಗನು ಅದರಲ್ಲಿಯೇ ಬೀಳುತ್ತಾನೆ.

ಮಾಡದ ತಪ್ಪನ್ನು ಮಾಡಿದೆನೆಂದು ಬರೆದು ಸಹಿ ಹಾಕುವುದು ವಿನಯವಲ್ಲ, ಅಸತ್ಯ. ಜಗತ್ತು ಸತ್ಯ, ಭೇದವು ಸತ್ಯ ಎಂದು ಸಾರುವ ಮತದಲ್ಲಿ ಹುಟ್ಟಿದ ನಾವು, ನನ್ನ ಕೃತ್ಯ ಬೇರೆ, ಅವರ ಕೃತ್ಯ ಬೇರೆ ಎಂಬ ಭೇದವನ್ನು ಮಾತ್ರ ಸಂಕೋಚಕ್ಕಾಗಿ ಬಿಟ್ಟುಕೊಡುವುದು ಹೇಗೆ? ಇನ್ನೊಬ್ಬರಿಗಾಗಿ ತಾನೇ ಹೊತ್ತುಕೊಂಡರೆ ತ್ಯಾಗವಾಗದೆ ಎಂದು ಕೆಲವರು ಕೇಳಬಹುದು. ಹೊರಿಸಿದ್ದನ್ನು ಹೊತ್ತರೆ ತ್ಯಾಗವಾಗುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಸಾಕ್ಷಿಯ ಜ್ಞಾನವು ಎಂದೂ ತಪ್ಪುವುದಿಲ್ಲ, ಮನಸ್ಸು ತಪ್ಪಬಹುದು. ಇದು ನಮ್ಮ ಸಿದ್ಧಾಂತದ ಸೂಕ್ಷ್ಮ. ನಾನು ಏನೂ ಮಾಡಿಲ್ಲವೆಂದು ಮೊದಲು ಕೂಗುವುದು ಮನಸ್ಸು. ಪರೀಕ್ಷೆ ಮಾಡಿ ಸಂಶಯ ಕಳೆದ ಮೇಲೆ ನಿಲ್ಲುವ ನಿಶ್ಚಯವು ಸಾಕ್ಷಿಯದು. ಆದುದರಿಂದ ಉತ್ತರ ಬರೆಯುವ ಮುನ್ನ ಒಂದು ರಾತ್ರಿ ಏಕಾಂತದಲ್ಲಿ ಕುಳಿತು, ಇದರಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಿಕೊಳ್ಳಬೇಕು. ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ, ಮೇಲಧಿಕಾರಿಯ ಆದೇಶವು ಸಾಮಾನ್ಯವಾಗಿ ಲಿಖಿತವಾಗಿರಬೇಕೆಂದೂ, ಬಾಯಿಮಾತಿನಲ್ಲಿ ಕೊಟ್ಟುದನ್ನು ಆದಷ್ಟು ಬೇಗ ಬರಹದಲ್ಲಿ ದೃಢಪಡಿಸಬೇಕೆಂದೂ, ಕೈಕೆಳಗಿನವನು ಹಾಗೆ ದೃಢಪಡಿಸಿಕೊಳ್ಳಬೇಕೆಂದೂ ಇದೆ. ಇತರ ಕಚೇರಿಗಳಲ್ಲಿಯೂ ವಿವೇಕವು ಅದೇ. "ತಾವು ಇಂದು ಹೇಳಿದಂತೆ ಮಾಡಿರುತ್ತೇನೆ" ಎಂಬ ಒಂದು ಸಾಲನ್ನು ಫೈಲಿನಲ್ಲಿ ಬರೆದಿಡದಿರುವುದು ಆ ಗೃಹಸ್ಥರ ಪಾಲು. ಅಷ್ಟನ್ನು ಅವರು ಒಪ್ಪಬೇಕು. ಕಾಗದಪತ್ರ ನೋಡದೆ ಹಣ ಕೊಡಿಸಿದ ನಿರ್ಧಾರವು ಅವರದಲ್ಲ, ಅದನ್ನು ಒಪ್ಪಬಾರದು. ಒಂದು ಕಾಸು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹೀಗೆ ತನ್ನ ಪಾಲನ್ನು ತಾನೇ ತೂಗಿ ಕೊಟ್ಟವನ ಮಾತಿಗೆ ವಿಚಾರಣೆಯಲ್ಲಿಯೂ ತೂಕ ಬರುತ್ತದೆ. ಸರಕಾರಿ ಸೇವೆಯಲ್ಲಿರುವವರನ್ನು ಆರೋಪ ತಿಳಿಸದೆ, ಹೇಳಿಕೊಳ್ಳಲು ಅವಕಾಶ ಕೊಡದೆ ವಜಾ ಮಾಡಕೂಡದೆಂದು ನಮ್ಮ ಸಂವಿಧಾನದ 311ನೆಯ ಅನುಚ್ಛೇದವೂ ಹೇಳುತ್ತದೆ. ಹೇಳಿಕೊಳ್ಳುವುದು ಉದ್ಧಟತನವಲ್ಲ, ರಾಜ್ಯವೇ ಕೇಳಲು ಕುಳಿತಿದೆ.

ಪುರಂದರದಾಸರ "ನಿಂದಕರಿರಬೇಕು" ಎಂಬ ಪದವನ್ನು ಇಂತಹ ವೇಳೆಯಲ್ಲಿ ಹೇಳುವವರುಂಟು. ಅದು ನಿಂದೆಗೆ ಗುರಿಯಾದವನು ದೇವರ ಮುಂದೆ ಹಾಡಿಕೊಳ್ಳತಕ್ಕ ಪದ. ಅವನ ಎದೆಯ ಉರಿಯನ್ನು ಅದು ಆರಿಸುತ್ತದೆ. ಆರಿಸಲೇಬೇಕು, ಇಲ್ಲವಾದರೆ ಸತ್ಯ ಹೇಳುತ್ತ ಹೇಳುತ್ತ ಅವನೂ ದ್ವೇಷಿಯಾಗುತ್ತಾನೆ. ಉತ್ತರವನ್ನು ಬರೆದು ಕೊಟ್ಟ ಮೇಲೆ ಮನೆಗೆ ಬಂದು ಆ ಪದವನ್ನು ಹೇಳಿಕೊಳ್ಳಲಿ. ಮೇಲಧಿಕಾರಿಯು ತನ್ನ ಕೋಣೆಯಲ್ಲಿ ಕುಳಿತು ಕೈಕೆಳಗಿನವನಿಗೆ ಅದನ್ನು ಉಪದೇಶಿಸುವುದು ಮಾತ್ರ ದಾಸರಿಗೆ ಮಾಡುವ ಅಪಚಾರ.

ಮೇಲಧಿಕಾರಿಗಳೂ ಈ ಪತ್ರಿಕೆಯ ವಾಚಕರಲ್ಲಿದ್ದಾರೆಂಬುದನ್ನು ನಾವು ಬಲ್ಲೆವು. ಜೀವನು ಕರ್ತನಲ್ಲದಿದ್ದರೆ ವಿಧಿನಿಷೇಧಶಾಸ್ತ್ರವೇ ವ್ಯರ್ಥವಾಗುತ್ತದೆಂದು ಬ್ರಹ್ಮಸೂತ್ರಗಳು ಹೇಳುತ್ತವೆ. ಅವನ ಕರ್ತೃತ್ವವು ಭಗವದಧೀನವೆಂದೂ ಹೇಳುತ್ತವೆ. ಎರಡನ್ನೂ ಸೇರಿಸಿ ಹಿಡಿದವನಿಗೆ ಕೀರ್ತಿ ಬಂದಾಗ ಹರಿಯ ಅಧೀನತ್ವವು ನೆನಪಾಗುತ್ತದೆ, ದೋಷ ಬಂದಾಗ ತನ್ನ ಕರ್ತೃತ್ವವು ನೆನಪಾಗುತ್ತದೆ. ಕಚೇರಿಯಲ್ಲಿ ನಾವು ಕಾಣುವುದು ಇದರ ವಿಪರೀತ. ಕೆಲಸ ಕೈಗೂಡಿದರೆ ಸ್ವತಂತ್ರರು. ಕೆಟ್ಟರೆ, ಗುಮಾಸ್ತನು ಇಟ್ಟ ಕಾಗದಕ್ಕೆ ನಾನು ಸಹಿ ಹಾಕಿದೆನಷ್ಟೆ ಎಂಬ ಪಾರತಂತ್ರ್ಯ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿಯೂ ಇದ್ದ ಸತೀಶ್ ಧವನ್ ಅವರ ನಡತೆಯನ್ನು ಅಬ್ದುಲ್ ಕಲಾಂ ಅವರು ಬಾರಿಬಾರಿಗೂ ಸ್ಮರಿಸುತ್ತಿದ್ದರು. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ಟಿನ ಮೊದಲ ಉಡಾವಣೆಯು ವಿಫಲವಾಗಿ ಸಮುದ್ರದ ಪಾಲಾಯಿತು. ಆ ಕಾರ್ಯದ ನಿರ್ದೇಶಕರು ಕಲಾಂ. ಪತ್ರಕರ್ತರ ಮುಂದೆ ಧವನ್ ಅವರೇ ಕುಳಿತು ಹೊಣೆಯನ್ನು ತಮ್ಮ ಮೇಲೆ ತೆಗೆದುಕೊಂಡರು. 1980ರ ಜುಲೈ 18ರಂದು ಅದೇ ರಾಕೆಟ್ಟು ಯಶಸ್ವಿಯಾದಾಗ, ಪತ್ರಕರ್ತರೊಡನೆ ನೀವೇ ಮಾತನಾಡಿ ಎಂದು ಕಲಾಂ ಅವರನ್ನು ಮುಂದೆ ಬಿಟ್ಟರು. ಮಾಂಡವ್ಯರ ಮುಂದೆ ಬಂದು ನಿಂತ ಅರಸನ ಜಾತಿಯವರು ಇವರು.

ಅಪವಾದವು ಪರಿಹಾರವಾದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆಂದು ಯಾರೂ ಭಾವಿಸಬಾರದು. ಸ್ಯಮಂತಕದ ಕಥೆಯಲ್ಲಿಯೇ, ಸತ್ರಾಜಿತನು ಕೊಲ್ಲಲ್ಪಟ್ಟು, ಮಣಿಯನ್ನು ಕದ್ದ ಶತಧನ್ವನು ಅದನ್ನು ಅಕ್ರೂರನಲ್ಲಿ ಇಟ್ಟು ಓಡಿಹೋದನು. ಸ್ವಾಮಿಯು ಅವನನ್ನು ಬೆನ್ನಟ್ಟಿ ಮಿಥಿಲೆಯ ಬಳಿಯಲ್ಲಿ ಸಂಹರಿಸಿದಾಗ ಅವನ ಬಟ್ಟೆಯಲ್ಲಿ ಮಣಿಯಿರಲಿಲ್ಲ. ಒಮ್ಮೆ ರಾಜಸಭೆಯಲ್ಲಿ ನಿರ್ದೋಷಿಯೆಂದು ಸಿದ್ಧನಾದವನ ಮೇಲೆಯೇ ಮತ್ತೆ ಸಂಶಯ ಬಂದಿತು. ಈ ಸಲ ಹೊರಗಿನವರಿಂದಲ್ಲ. ಮಣಿಯ ವಿಷಯದಲ್ಲಿ ನನ್ನ ಅಣ್ಣನೂ ನನ್ನನ್ನು ಪೂರ್ತಿ ನಂಬುವುದಿಲ್ಲವೆಂದು ಶ್ರೀಕೃಷ್ಣನೇ ಅಕ್ರೂರನಿಗೆ ಹೇಳುತ್ತಾನೆ. ಶೇಷಾವತಾರನಾದ ಬಲರಾಮದೇವರ ಮಾತಿದು! ಲೋಕಶಿಕ್ಷಣಾರ್ಥವಾದ ಲೀಲೆಯೆಂದು ನಾವು ಬಲ್ಲೆವಾದರೂ, ಮನೆಯಲ್ಲಿ ಹೆಂಡತಿ ಮಕ್ಕಳು, ಒಡಹುಟ್ಟಿದವರು, "ನೀವು ನಿಜವಾಗಿ ಏನೂ ಮಾಡಲಿಲ್ಲ ತಾನೆ?" ಎಂದು ಮೆಲ್ಲನೆ ಕೇಳಿದಾಗ ಆಗತಕ್ಕ ನೋವನ್ನು ಅನುಭವಿಸಿದವರಿಗೆ ಈ ಪ್ರಸಂಗವು ಎಷ್ಟು ಆಪ್ತವಾಗುವುದೆಂದು ಹೇಳಬೇಕಾಗಿಲ್ಲ.

ಅಣ್ಣನ ಮೇಲೆ ಸ್ವಾಮಿಯು ಕೋಪಿಸಿಕೊಳ್ಳಲಿಲ್ಲ. ಅಕ್ರೂರನ ಮೇಲೆಯೂ ಕಳವಿನ ಮಾತೆತ್ತಲಿಲ್ಲ. ಮಣಿಯು ನಿನ್ನಲ್ಲಿರುವುದು ನನಗೆ ಮೊದಲೇ ಗೊತ್ತು, ಒಮ್ಮೆ ತೋರಿಸಿ ಬಂಧುಗಳ ಮನಸ್ಸನ್ನು ಶಾಂತಗೊಳಿಸು, ಎಂದನು. ಅಕ್ರೂರನು ಬಟ್ಟೆಯಲ್ಲಿ ಮುಚ್ಚಿ ತಂದಿದ್ದ, ಸೂರ್ಯನಂತೆ ಹೊಳೆಯುವ ಮಣಿಯನ್ನು ಕೊಟ್ಟನು. ಶ್ರೀಕೃಷ್ಣನು ಅದನ್ನು ಜ್ಞಾತಿಗಳೆಲ್ಲರಿಗೂ ತೋರಿಸಿ, ಮತ್ತೆ ಅಕ್ರೂರನ ಕೈಗೇ ಹಿಂದಕ್ಕೆ ಕೊಟ್ಟನು.

॥ ಶ್ರೀಕೃಷ್ಣಾರ್ಪಣಮಸ್ತು ॥